ವಿಚ್ಛೇದನಕ್ಕಾಗಿ ನಾನು ಸನ್ಯಾಸಿಯಾಗಲು ಹೊರಟದ್ದು

ಒಂದು ವಾರದೊಳಗೆ ನನ್ನ ಹೆಂಡತಿಗೆ ವಿಚ್ಛೇದನ ಕೊಡಿಸಿಬಿಡುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಅವಳ ಗಂಡ ನಾನೇ ಆಗಿದ್ದರಿಂದ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಕೇಳುವವಳು ಮನೆಯಲ್ಲೇ ಇದ್ದಳು, ಕೊಡುವವನೂ ಮನೆಯಲ್ಲೇ ಇದ್ದ. ನಡುವೆ ಒಂದಿಷ್ಟು ಕಾಗದ ಪತ್ರ ಬೇಕಾಗಬಹುದು, ಅಷ್ಟೇ ತಾನೆ? ಈಗ ಮುದಿತನದಲ್ಲಿ ಆ ದಿನಗಳನ್ನು ನೆನೆಸಿಕೊಂಡರೆ, ಒಬ್ಬನೇ ಕೂತಿದ್ದರೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಆಗ ನಾನು ಸಾಗರದ ಬಸ್ ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಎಂಜಿನಿಯರು, ಓವರ್ಸಿಯರು, ಕಂಟ್ರಾಕ್ಟರು, ಎಲ್ಲರ ಕೈಯಲ್ಲೂ ವಾಚು. ಕೆಲಸದ ಜಾಗದ ಧೂಳಿಗೆ ಎಲ್ಲರ ವಾಚೂ ಕೆಡುತ್ತಿತ್ತು. ದೇವರು ನನ್ನನ್ನು ಚೆನ್ನಾಗಿಯೇ ಇಟ್ಟಿದ್ದ.

ನನ್ನ ಹೆಂಡತಿ ನಾಗವೇಣಿ ತೀರ್ಥಹಳ್ಳಿಯವಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ನಾನು ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಕಟ್ಟಿ, ಕೊನೆಗೆ ನನಗೂ ಅದಕ್ಕೂ ಆಗಿಬರುವುದಿಲ್ಲ ಎಂದು ಬಿಟ್ಟವನು. ಮದುವೆಯಾಗಿ ಐದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಜಗಳವೂ ಇರಲಿಲ್ಲ. ಜಗಳವಾಗಬೇಕಾದರೆ ಮೊದಲು ಇಬ್ಬರೂ ಮಾತಾಡಬೇಕಲ್ಲ! ನಾನು ಸಂಜೆ ಅಂಗಡಿ ಮುಚ್ಚಿ, ಒಂದೆರಡು ವಾಚು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ದೀಪದ ಕೆಳಗೆ ಬಿಚ್ಚಿಕೊಂಡು ಕೂರುತ್ತಿದ್ದೆ. ಅವಳು ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಇದನ್ನೇ ಸುಖಸಂಸಾರ ಎನ್ನುತ್ತಾರೆ ಎಂದು ನಾನು ತಿಳಿದಿದ್ದೆ.

ಒಂದು ಬೆಳಿಗ್ಗೆ ದೋಸೆ ಹಾಕುತ್ತ ಅವಳು ವಿಷಯ ತೆಗೆದಳು. ಮಂಗಳೂರಿನಲ್ಲಿ ನರ್ಸ್ ತರಬೇತಿಗೆ ಸೇರಬೇಕೆಂದು ಅವಳ ಆಸೆ. ವಿಚಾರಿಸಿ ಕಾಗದ ಬರೆದಿದ್ದಳಂತೆ, ಉತ್ತರವೂ ಬಂದಿತ್ತಂತೆ. ಮದುವೆಯಾದವರಿಗೆ ಅಲ್ಲಿ ಜಾಗವಿಲ್ಲ. ಮದುವೆಯಾಗದವರು ಬೇಕು, ಇಲ್ಲವೇ ವಿಧವೆಯರು, ಇಲ್ಲವೇ ಕೋರ್ಟಿನ ಮೂಲಕ ಗಂಡನಿಂದ ಬೇರೆಯಾದವರು. ಇಷ್ಟನ್ನು ಹೇಳಿ ಅವಳು ದೋಸೆ ಮಗುಚಿ ಹಾಕಿದಳು.

"ಈ ಮನೇಲಿ ನಾನು ಇದ್ದೀನೋ ಇಲ್ವೋ ನಂಗೇ ಗೊತ್ತಾಗೋದಿಲ್ಲ. ನಿಮ್ಮ ಮೇಲೆ ಸಿಟ್ಟೇನೂ ಇಲ್ಲ. ನನ್ನ ಬಿಟ್ಟುಬಿಡಿ" ಎಂದಳು.

ಮೂರು ದಾರಿಗಳಲ್ಲಿ ಮೊದಲನೆಯದು ಮುಗಿದ ಕಥೆ. ಎರಡನೆಯದಕ್ಕೆ ನಾನು ಸಿದ್ಧನಿರಲಿಲ್ಲ. ಮೂರನೆಯದು ಉಳಿಯಿತು. ಬೇರೆ ಗಂಡಸಾಗಿದ್ದರೆ ತಟ್ಟೆ ಎಸೆಯುತ್ತಿದ್ದ. ನಾನು ಗಂಭೀರವಾಗಿ ಇನ್ನೊಂದು ದೋಸೆ ಹಾಕಿಸಿಕೊಂಡು, ಒಂದು ವಾರದ ಮಾತು ಕೊಟ್ಟೆ. ನನ್ನ ದೊಡ್ಡತನಕ್ಕೆ ನಾನೇ ತಲೆದೂಗಿದೆ. ಎದೆಯೊಳಗೆ ಏನೋ ಚುಚ್ಚಿತು ನಿಜ. ಆದರೆ ಅದು ಚಟ್ನಿಯ ಖಾರ ಎಂದುಕೊಂಡೆ.

ಅನಂತಯ್ಯ ವಕೀಲರು ನಮ್ಮ ಬೀದಿಯ ಕೊನೆಯಲ್ಲೇ ಇದ್ದರು. ಅವರ ಗೋಡೆ ಗಡಿಯಾರ ಓಡುತ್ತಿದ್ದದ್ದು ನನ್ನ ಕೃಪೆಯಿಂದ. ಆದ್ದರಿಂದ ಸಲುಗೆಯಿತ್ತು. ವಿಷಯ ಕೇಳಿ ಅವರು ಕನ್ನಡಕ ಸರಿಮಾಡಿಕೊಂಡು, ಇಬ್ಬರಿಗೂ ಒಪ್ಪಿಗೆಯೇ ಎಂದು ವಿಚಾರಿಸಿದರು. ಸಂಪೂರ್ಣ ಒಪ್ಪಿಗೆ ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ಸಿಗೋದಿಲ್ಲ" ಎಂದರು.

ಅವರು ವಿವರಿಸಿದ್ದು ಹೀಗೆ. ಗಂಡ ಹೆಂಡತಿ ಕೂಡಿ ಒಪ್ಪಿಕೊಂಡರೆ ವಿಚ್ಛೇದನ ಕೊಡುವ ಕಾನೂನೇ ಆಗ ಇರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಏನಾದರೂ ಘೋರ ಅನ್ಯಾಯ ಮಾಡಿರಬೇಕು. ಅಷ್ಟೇ ಅಲ್ಲ, ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಬಂದಿದ್ದಾರೆ ಎಂಬ ವಾಸನೆ ನ್ಯಾಯಾಧೀಶರಿಗೆ ಹತ್ತಿದರೆ ಅರ್ಜಿಯನ್ನೇ ಎತ್ತಿ ಎಸೆಯುತ್ತಾರೆ. ಹೊಡೆದಾಡಿಕೊಂಡವರಿಗೆ ಬಿಡುಗಡೆ, ಮರ್ಯಾದಸ್ಥರಿಗೆ ಇಲ್ಲ.

ಯಾವ ಯಾವ ಅನ್ಯಾಯ ನಡೆಯುತ್ತದೆ ಎಂದು ಕೇಳಿದೆ. ಅವರು ದಪ್ಪ ಪುಸ್ತಕ ತೆಗೆದು ಓದುತ್ತ ಹೋದರು. ಪರಸ್ತ್ರೀ ಸಹವಾಸ. ಅದಕ್ಕೆ ಒಬ್ಬ ಪರಸ್ತ್ರೀ ಬೇಕಾಗುತ್ತದೆ. ನನಗೆ ಸ್ವಂತ ಸ್ತ್ರೀಯೊಡನೆ ಮಾತಾಡಲೇ ಬರುತ್ತಿರಲಿಲ್ಲ. ಹುಚ್ಚು. ಹುಚ್ಚನಿಗೆ ಯಾರು ವಾಚು ರಿಪೇರಿಗೆ ಕೊಡುತ್ತಾರೆ? ಕುಷ್ಠ. ರಾಮ ರಾಮ. ಏಳು ವರ್ಷ ಕಾಣೆಯಾಗಿರುವುದು. ಅಂಗಡಿ ಬಸ್ ಸ್ಟ್ಯಾಂಡಿನ ಎದುರೇ ಇರುವಾಗ ಕಾಣೆಯಾಗುವುದು ಹೇಗೆ? ಹೀಗೆ ಒಂದೊಂದಾಗಿ ತಳ್ಳಿಹಾಕುತ್ತಿದ್ದಾಗ ಅವರು ಓದಿದ ಇನ್ನೊಂದು ಕಾರಣ ನನ್ನ ಕಿವಿಗೆ ಮಂತ್ರದಂತೆ ಬಿತ್ತು. ಲೋಕವನ್ನು ತ್ಯಜಿಸಿ ಸನ್ಯಾಸ ಸ್ವೀಕರಿಸಿದ್ದರೆ!

ಇದಕ್ಕಿಂತ ಗೌರವದ ಅನ್ಯಾಯ ಬೇರೆ ಯಾವುದಿದೆ? ಅವಳ ಹೆಸರಿಗೂ ಮಸಿಯಿಲ್ಲ, ನನ್ನ ಹೆಸರಿಗೂ ಮಸಿಯಿಲ್ಲ. ಅಲ್ಲಿ ಕೂತಲ್ಲೇ ನನ್ನ ಕಣ್ಣ ಮುಂದೆ ಒಂದು ಚಿತ್ರ ಬಂತು. ನಾನು ಕಾವಿಯುಟ್ಟು ಹೊಸ್ತಿಲು ದಾಟುತ್ತಿದ್ದೇನೆ. ಬೀದಿಯವರೆಲ್ಲ ಕೈ ಮುಗಿದಿದ್ದಾರೆ. ನಾಗವೇಣಿ ಕಂಬ ಹಿಡಿದು ಅಳುತ್ತಿದ್ದಾಳೆ. ಈ ಕೊನೆಯ ಭಾಗ ನನಗೆ ಬಹಳ ಹಿಡಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ವಕೀಲರು ತಮಾಷೆ ಎಂದುಕೊಂಡು ನಕ್ಕರು. ನಾನು ನಗದಿರುವುದನ್ನು ನೋಡಿ ನಗು ನಿಲ್ಲಿಸಿದರು. ಅರ್ಜಿದಾರಳು ನನ್ನ ಹೆಂಡತಿಯಾದ್ದರಿಂದ ಅವಳನ್ನೇ ಕಳಿಸಬೇಕೆಂದರು. ಅದರ ಅಗತ್ಯವೇ ಇಲ್ಲ, ಕಾಗದಗಳನ್ನೆಲ್ಲ ನಾನೇ ತರುತ್ತೇನೆ ಎಂದೆ.

"ನೀವು ಎದುರುಪಕ್ಷ ಸುಬ್ರಾಯ್ರೆ" ಎಂದರು ಅವರು, ಸಣ್ಣ ಮಗುವಿಗೆ ಹೇಳುವಂತೆ.

ಎದುರುಪಕ್ಷದಿಂದ ಇಷ್ಟು ಸಹಕಾರ ಸಿಗುವುದು ಅವರ ವೃತ್ತಿಯಲ್ಲೇ ಮೊದಲಿರಬೇಕು ಎಂದು ಹೇಳಿ ಎದ್ದು ಬಂದೆ. ಬೇಕಾದ ಕಾಗದಗಳು ಎರಡು. ಮದುವೆ ನಡೆದದ್ದಕ್ಕೆ ಪುರಾವೆ, ಸನ್ಯಾಸಿಯಾದದ್ದಕ್ಕೆ ಮಠದ ಪತ್ರ.

ಲಗ್ನಪತ್ರಿಕೆಯನ್ನು ಗೆದ್ದಲು ತಿಂದಿತ್ತು. ಹಾಗಾಗಿ ಮದುವೆ ಮಾಡಿಸಿದ ಗಣಪ ಭಟ್ಟರಿಂದಲೇ ಬರೆಸಿಕೊಳ್ಳಲು ತೀರ್ಥಹಳ್ಳಿಗೆ ಹೋದೆ. ಭಟ್ಟರಿಗೆ ವಯಸ್ಸಾಗಿತ್ತು. ನನ್ನನ್ನು ಕಂಡು ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಯಾವ ಕೆಲಸಕ್ಕೆ ಪತ್ರ ಎಂದು ಕೇಳಿದರು. ವಿಚ್ಛೇದನಕ್ಕೆ ಎನ್ನಲು ಬಾಯಿ ಬರಲಿಲ್ಲ. ಅವರ ಹೆಂಡತಿ ಅಷ್ಟು ಹೊತ್ತಿಗೆ ಪಾಯಸದ ಲೋಟ ತಂದು ನನ್ನ ಮುಂದಿಟ್ಟಿದ್ದರು. ಪಾಯಸ ಕುಡಿಯುತ್ತ ಅಂಥ ಮಾತು ಹೇಗೆ ಆಡುವುದು? ರೇಷನ್ ಕಾರ್ಡಿಗೆ ಎಂದುಬಿಟ್ಟೆ.

ಭಟ್ಟರು ಎರಡು ಪುಟ ಬರೆದರು. ಓದಿ ನೋಡು ಎಂದರು. ಹಿರಿಯರ ಬರವಣಿಗೆಯನ್ನು ಪರೀಕ್ಷೆ ಮಾಡುವುದು ಅವಿನಯ ಎಂದು ಹೇಳಿ ಮಡಚಿ ಜೇಬಿಗಿಟ್ಟೆ. ಅವರ ಕಾಲಿಗೆ ನಮಸ್ಕಾರ ಮಾಡಿದೆ. ಬೇಗ ಮಗುವಾಗಲಿ ಎಂದು ಹರಸಿದರು.

ಮುಂದಿನದು ಮಠ. ಹೊಸನಗರದಿಂದ ಮಾಸ್ತಿಕಟ್ಟೆಯ ಕಡೆ ಹೋಗುವ ದಾರಿಯಲ್ಲಿ ಒಳಗೆ ಗುಡ್ಡದ ಮೇಲೆ ಒಂದು ಸಣ್ಣ ಮಠವಿತ್ತು. ದೊಡ್ಡ ಮಠಗಳಿಗೆ ಹೋಗಲು ಧೈರ್ಯವಿರಲಿಲ್ಲ. ಇಲ್ಲಿನ ಸ್ವಾಮಿಗಳು ಒಬ್ಬರೇ, ತೀರ ಮುದುಕರು, ಜೊತೆಗೊಬ್ಬ ಅಡಿಗೆಯವ. ಇಂಥ ಬಡ ಮಠಕ್ಕೆ ಹೊಸ ಸನ್ಯಾಸಿ ಬಂದರೆ ಹಬ್ಬವೇ ಆಗಬಹುದೆಂದು ಎಣಿಸಿದ್ದೆ.

ಸ್ವಾಮಿಗಳು ನನ್ನನ್ನು ಕೂರಿಸಿ, ಮದುವೆಯಾಗಿದೆಯೇ ಎಂದು ಕೇಳಿದರು. ಆಗಿದೆ ಎಂದೆ. ಹಾಗಾದರೆ ಹೆಂಡತಿಯ ಒಪ್ಪಿಗೆಯಿಲ್ಲದೆ ಸನ್ಯಾಸದ ಮಾತೇ ಇಲ್ಲ ಎಂದರು. ಗುಡ್ಡ ಇಳಿದು, ಬಸ್ಸು ಹಿಡಿದು, ಸಾಗರಕ್ಕೆ ವಾಪಸು ಬಂದೆ. ನಾಗವೇಣಿಯಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡೆ. ಇದೆಲ್ಲ ಎಂತಕ್ಕೆ ಎಂದು ಅವಳು ಕೇಳಿದಳು. ಕಾನೂನಿನ ಸೂಕ್ಷ್ಮ, ನಿನಗೆ ಅರ್ಥವಾಗುವುದಿಲ್ಲ ಎಂದೆ. ಫಸ್ಟ್ ಕ್ಲಾಸಿನವಳಿಗೆ, ನಾನು! ಅವಳು ಸುಮ್ಮನೆ ಬರೆದುಕೊಟ್ಟಳು. 'ಇವರು ಸನ್ಯಾಸ ತೆಗೆದುಕೊಳ್ಳಲು ನನ್ನ ಅಡ್ಡಿಯೇನೂ ಇಲ್ಲ, ಸಂತೋಷವೇ.' 'ಸಂತೋಷವೇ' ಎಂಬ ಪದ ಬೇಕಿರಲಿಲ್ಲ ಎಂದು ನನಗನ್ನಿಸಿತು. ಆದರೆ ಮತ್ತೆ ಬರೆಸಲು ಸಮಯವಿರಲಿಲ್ಲ.

ಮಠಕ್ಕೆ ಮರಳಿದೆ. ಸ್ವಾಮಿಗಳು ಪತ್ರ ಓದಿ, ಕೆಲವು ದಿನ ಇಲ್ಲೇ ಇದ್ದು ನೋಡು ಎಂದರು. ಹಗಲಿಗೊಂದು ಊಟ. ಬೆಳಗಿನ ಜಾವ ತಣ್ಣೀರ ಸ್ನಾನ. ಎರಡನೆಯ ದಿನಕ್ಕೇ ನನಗೆ ಪರಮಾತ್ಮನಿಗಿಂತ ಹೆಚ್ಚಾಗಿ ಸಾಗರದ ಹೋಟೆಲಿನ ಈರುಳ್ಳಿ ಬೋಂಡ ಕಾಣಿಸತೊಡಗಿತು. ಕಾಲ ಕಳೆಯಲು, ಮಠದ ಚಾವಡಿಯಲ್ಲಿ ನಿಂತೇಹೋಗಿದ್ದ ಒಂದು ದೊಡ್ಡ ಗೋಡೆ ಗಡಿಯಾರವನ್ನು ಇಳಿಸಿ, ಬಿಚ್ಚಿ, ಎಣ್ಣೆ ಬಿಟ್ಟು ಓಡುವ ಹಾಗೆ ಮಾಡಿದೆ. ಅದನ್ನು ಮಾಡುವಾಗ ಎಂಥ ಆನಂದವಾಯಿತೆಂದರೆ ಸಂಜೆಯ ಜಪಕ್ಕೆ ಹೋಗುವುದನ್ನೇ ಮರೆತೆ.

ಸ್ವಾಮಿಗಳು ಹಿಂದೆ ನಿಂತು ನೋಡುತ್ತಿದ್ದರಂತೆ. ಮರುದಿನ ಕರೆದರು. ನಾನು ನಿಜ ಹೇಳಿದೆ. ದೀಕ್ಷೆ ಆಮೇಲೆ ನಿಧಾನವಾಗಿ ಆಗಲಿ, ಸದ್ಯಕ್ಕೆ ಪತ್ರ ಕೊಟ್ಟರೆ ಉಪಕಾರವಾಗುತ್ತದೆ, ಕೋರ್ಟಿಗೆ ತುರ್ತು ಎಂದೆ.

"ಇಲ್ಲಿಗೆ ಬರೋರು ಎಲ್ಲಾನೂ ಬಿಟ್ಟು ಹೋಗೋಕೆ ಬರ್ತಾರೆ. ನೀನು ಸರ್ಟಿಫಿಕೇಟು ತಗೊಂಡು ಹೋಗೋಕೆ ಬಂದಿದ್ದೀಯ" ಎಂದರು.

ಸಿಟ್ಟಾಗಲಿಲ್ಲ. ಒಂದು ಚೀಟಿ ಬರೆದು ಮಠದ ಮುದ್ರೆ ಒತ್ತಿ ಕೊಟ್ಟರು. ಮೆಟ್ಟಿಲಿಳಿದು ಓದಿದೆ. 'ಈತ ನಮ್ಮ ಮಠಕ್ಕೆ ಬಂದು ಗಡಿಯಾರ ರಿಪೇರಿ ಮಾಡಿರುತ್ತಾನೆ. ಕೆಲಸ ಚೆನ್ನಾಗಿದೆ.'

ಯಾರಾದರೂ ಬುದ್ಧಿವಂತ ಇಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಬೇರೆ ದಾರಿ ಹುಡುಕಿದೆ. ಮಠ ಸಾಕ್ಷಿ ಹೇಳದಿದ್ದರೆ ಊರೇ ಸಾಕ್ಷಿ ಹೇಳಲಿ! ಇಡೀ ಸಾಗರ ನನ್ನನ್ನು ಸನ್ಯಾಸಿಯ ವೇಷದಲ್ಲಿ ನೋಡಿದ ಮೇಲೆ ಯಾವ ನ್ಯಾಯಾಧೀಶರು ಇಲ್ಲವೆನ್ನುತ್ತಾರೆ? ಹೊಸನಗರದಲ್ಲಿಳಿದು ಎರಡು ಪಂಚೆ ಕೊಂಡು ಕಾವಿ ಬಣ್ಣ ಹಾಕಿಸಿದೆ. ಕ್ಷೌರದಂಗಡಿಗೆ ಹೋಗಿ ತಲೆ ಬೋಳಿಸಿಕೊಂಡೆ. ಮೀಸೆಯನ್ನೂ ತೆಗೆಯಲೇ ಎಂದು ಕ್ಷೌರಿಕ ಕೇಳಿದ. ಒಂದು ಗಳಿಗೆ ಯೋಚಿಸಿ, ಲೋಕವೇ ಹೋಗುವಾಗ ಮೀಸೆ ಯಾವ ಲೆಕ್ಕ ಎಂದೆ. ಕನ್ನಡಿಯಲ್ಲಿ ನೋಡಿದರೆ ತೇಜಸ್ಸು ಬಂದಂತೆಯೇ ಕಂಡಿತು. ಹರಳೆಣ್ಣೆ ಹಚ್ಚಿದ್ದಕ್ಕಿರಬೇಕು.

ಸಾಗರದ ಬಸ್ಸು ಹತ್ತಿದೊಡನೆ ಕಂಡಕ್ಟರು ಎದ್ದು ಮುಂದಿನ ಸೀಟು ಬಿಡಿಸಿಕೊಟ್ಟ. ಇಷ್ಟು ಸುಲಭವೇ ಎಂದು ಹಿಗ್ಗಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕಿ ತೂರಾಡುತ್ತ ಬಂದು ನನ್ನ ಕಾಲು ಹಿಡಿದಳು. ಅವಳ ಊರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತ್ತು. ಸರ್ಕಾರ ಬೇರೆ ಕಡೆ ಜಾಗ ಕೊಟ್ಟಿತ್ತು. ಮನೆ ಎದ್ದಿದೆ, ಬಾವಿ ತೋಡಿದರೆ ಬಂಡೆ ಬರುತ್ತಿದೆ.

"ಎಲ್ಲಿ ತೋಡಿದ್ರೆ ನೀರು ಸಿಕ್ತದೆ ಸ್ವಾಮಿ? ನೀರಲ್ಲಿ ಮುಳುಗಿ ಬಂದೋರಿಗೆ ಕುಡಿಯಾಕೆ ನೀರಿಲ್ಲ" ಎಂದಳು.

ಬಸ್ಸಿನಲ್ಲಿದ್ದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಸನ್ಯಾಸಿಯಲ್ಲ ತಾಯಿ, ಗಡಿಯಾರದವನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕಣ್ಣು ಮುಚ್ಚಿ, ತೆರೆದು, ಈಶಾನ್ಯ ಮೂಲೆ ಎಂದೆ. ಅವಳು ಮತ್ತೊಮ್ಮೆ ನಮಸ್ಕರಿಸಿ ಹೋಗಿ ಕೂತಳು. ಅವಳಿಗೆ ನೀರು ಸಿಕ್ಕಿತೋ ಇಲ್ಲವೋ ನನಗಿನ್ನೂ ತಿಳಿಯದು. ಈ ಕಥೆಯಲ್ಲಿ ನಾನು ಮಾಡಿದ ಮೂರ್ಖತನಗಳೆಲ್ಲ ನಗಲು ಸರಿ. ಇದೊಂದನ್ನು ನೆನೆದರೆ ನಗು ಬರುವುದಿಲ್ಲ.

ಸಾಗರದಲ್ಲಿ ಇಳಿದಾಗ ನಾನು ಎಣಿಸಿದಂತೆಯೇ ಜನ ಸೇರಿದರು. ಆದರೆ ಕೈ ಮುಗಿಯಲು ಅಲ್ಲ. ಅಂಗಡಿ ವಾರದಿಂದ ಮುಚ್ಚಿತ್ತು. ಒಳಗೆ ಊರಿನ ಅರ್ಧ ವಾಚುಗಳಿದ್ದವು. ನನ್ನನ್ನು ಕಾವಿಯಲ್ಲಿ ಕಂಡೊಡನೆ ಜನರಿಗೆ ಗಾಬರಿಯಾಯಿತು. ತಾಲ್ಲೂಕು ಕಚೇರಿಯ ಶಿರಸ್ತೇದಾರರು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದರು.

"ಸನ್ಯಾಸ ತಗೊಳ್ಳಿ, ಬೇಡ ಅನ್ನೋದಿಲ್ಲ. ಮೊದ್ಲು ನನ್ನ ವಾಚು ಕೊಡಿ" ಎಂದರು.

ಅವತ್ತು ಸಂಜೆಯವರೆಗೆ ನಾನು ಕಾವಿಯುಟ್ಟು, ಬೋಳು ತಲೆಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ರಿಪೇರಿ ಮಾಡಿದೆ. ಅಂಗಡಿಯ ಮುಂದೆ ನಾಟಕಕ್ಕೆ ಸೇರಿದ ಹಾಗೆ ಜನ. ಲೋಕವನ್ನು ತ್ಯಜಿಸಿದ ದಿನ ಆದಷ್ಟು ವ್ಯಾಪಾರ ನನಗೆ ಅದಕ್ಕೆ ಹಿಂದೆ ಆಗಿರಲಿಲ್ಲ.

ಕೊನೆಗೆ ಮನೆಗೆ ಹೋದೆ. ಬಾಗಿಲು ತಟ್ಟುವ ಮೊದಲು ಹೊದ್ದ ಶಲ್ಯ ಸರಿಮಾಡಿಕೊಂಡೆ. ಮುಖಕ್ಕೆ ಶಾಂತಿ ತಂದುಕೊಂಡೆ. ನಾಗವೇಣಿ ಬಾಗಿಲು ತೆರೆದಳು. ನೋಡಿದಳು. ಆಮೇಲೆ ನಗತೊಡಗಿದಳು. ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮದುವೆಯಾದಂದಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಎಷ್ಟು ಚೆಂದ ನಗುತ್ತಾಳೆ ಎಂದು ನನಗೆ ಆಗ ಗೊತ್ತಾಯಿತು. ಗೊತ್ತಾಗಬಾರದ ಹೊತ್ತಿನಲ್ಲಿ ಗೊತ್ತಾಯಿತು.

ನನಗೆ ಅವಮಾನವಾಯಿತು. ನಿನಗೋಸ್ಕರ ಇಷ್ಟೆಲ್ಲ ಮಾಡಿದರೆ ನಗುತ್ತೀಯಲ್ಲ ಎಂದೆ. ಅವಳು ಕಣ್ಣೊರೆಸಿಕೊಂಡಳು. ನಗು ನಿಂತಿತು.

"ನಾನು ಲೋಕ ಬಿಡಿ ಅಂತ ಹೇಳ್ಲಿಲ್ಲ. ನನ್ನೊಬ್ಬಳನ್ನ ಬಿಡಿ ಅಂದಿದ್ದು. ಅದು ಸಣ್ಣ ಕೆಲಸ ಅಂತ ನಿಮ್ಗೆ ಮಾಡೋಕೆ ಬರ್ಲಿಲ್ಲ" ಎಂದಳು. ಆಮೇಲೆ, "ಬನ್ನಿ, ಊಟ ಮಾಡಿ. ಸೊರಗಿದ್ದೀರಿ" ಎಂದಳು.

ಮರುದಿನ ಅವಳೇ ವಕೀಲರ ಬಳಿಗೆ ಹೊರಟಳು. ನಾನು ಬೋಳುತಲೆಗೆ ಟೋಪಿ ಹಾಕಿ ಜೊತೆಗೆ ಹೋದೆ. ಬಿಸಿಲಿತ್ತು, ಮನೆಯಲ್ಲಿದ್ದದ್ದು ಒಂದೇ ಕೊಡೆ. ಅರ್ಜಿದಾರಳೂ ಎದುರುಪಕ್ಷವೂ ಒಂದೇ ಕೊಡೆಯಡಿಯಲ್ಲಿ ನಡೆದುಬರುವುದನ್ನು ವಕೀಲರು ಕಿಟಕಿಯಿಂದ ನೋಡಿ, ಕದ ಹಾಕಲು ಗುಮಾಸ್ತನಿಗೆ ಹೇಳಿದರಂತೆ.

ಅಷ್ಟರಲ್ಲಿ ನಾವು ಒಳಗೆ ಬಂದಾಗಿತ್ತು. ನಾನು ಕಾಗದಗಳನ್ನು ಮೇಜಿನ ಮೇಲಿಟ್ಟೆ. ವಕೀಲರು ಮೊದಲು ಭಟ್ಟರ ಪತ್ರವನ್ನು ಗಟ್ಟಿಯಾಗಿ ಓದಿದರು. ಈ ದಂಪತಿಗಳ ವಿವಾಹವನ್ನು ನಾನೇ ನೆರವೇರಿಸಿದ್ದು, ಅಂದಿನಿಂದ ಇಂದಿನವರೆಗೆ ಇವರು ಲಕ್ಷ್ಮೀನಾರಾಯಣರಂತೆ ಅನ್ಯೋನ್ಯವಾಗಿ ಬಾಳುತ್ತಿರುವುದನ್ನು ಖುದ್ದಾಗಿ ಬಲ್ಲೆ, ಇಂಥ ಜೋಡಿಯನ್ನು ನಾನು ಇನ್ನೊಂದು ಕಂಡಿಲ್ಲ. ಹೀಗೆ ಎರಡು ಪುಟ. ಆಮೇಲೆ ನಾಗವೇಣಿಯ ಒಪ್ಪಿಗೆ ಪತ್ರ. ಇಬ್ಬರೂ ಮಾತಾಡಿಕೊಂಡೇ ಬಂದಿದ್ದಾರೆ ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಡವೆಂದರು. ಕೊನೆಗೆ ಮಠದ ಚೀಟಿ. ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ಹೊತ್ತು ತಮ್ಮ ಗೋಡೆ ಗಡಿಯಾರವನ್ನೇ ನೋಡುತ್ತ ಕೂತರು.

ಬಳಿಕ ನನ್ನ ಕಡೆ ತಿರುಗದೆ ಅವಳನ್ನೇ ವಿಚಾರಿಸಿದರು. ಇವರು ಹೊಡೆಯುತ್ತಾರೆಯೇ? ಇಲ್ಲ. ಬೈಯುತ್ತಾರೆಯೇ? ಇಲ್ಲ. ಕುಡಿತ, ಇಸ್ಪೀಟು? ಇಲ್ಲ. ಒಂದೊಂದು ಇಲ್ಲಕ್ಕೂ ನಾನು ಕುರ್ಚಿಯಲ್ಲಿ ಸ್ವಲ್ಪ ಸ್ವಲ್ಪ ಎತ್ತರವಾಗುತ್ತ ಹೋದೆ. ಹಾಗಾದರೆ ಕಷ್ಟವೇನು ಎಂದು ಕೇಳಿದರು.

"ಕಷ್ಟ ಅಂತ ಇಲ್ಲ. ಇವ್ರು ಒಳ್ಳೇವ್ರೇ. ನಂಗೆ ಓದ್ಬೇಕು" ಎಂದಳು.

ಕಾನೂನಿನ ಪುಸ್ತಕದಲ್ಲಿ ಅಂಥದೊಂದು ಕಾರಣ ಇರಲಿಲ್ಲ. ವಕೀಲರು ಬೇರೆ ದಾರಿ ಹೇಳಿದರು. ಗಂಡ ಹೆಂಡತಿಯನ್ನು ಬಿಟ್ಟುಹೋಗಿ ಎರಡು ವರ್ಷವಾದರೆ, ಬೇರೆ ವಾಸಕ್ಕೆ ಕೋರ್ಟು ಅನುಮತಿ ಕೊಡುತ್ತದೆ. ತರಬೇತಿಯವರಿಗೆ ಅಷ್ಟು ಸಾಕಾಗಬಹುದು. ಪೂರ್ತಿ ವಿಚ್ಛೇದನಕ್ಕೆ ಅದರ ಮೇಲೆ ಮತ್ತೆ ಕಾಯಬೇಕು. ಬಿಟ್ಟುಹೋಗಬೇಕಾದವನು ನಾನು, ಅವಳಲ್ಲ. ನಡುವೆ ಒಂದು ದಿನ ಮನೆಗೆ ಹೋಗಿ ಸಂಸಾರ ಮಾಡಿದರೂ ಲೆಕ್ಕ ಮೊದಲಿಂದ ಶುರು. ಈವತ್ತು ನೀವಿಬ್ಬರೂ ಇಲ್ಲಿಗೆ ಬಂದೇ ಇಲ್ಲ, ನಾನು ನಿಮ್ಮನ್ನು ನೋಡಿಯೂ ಇಲ್ಲ ಎಂದರು. ಆದರೂ ಅರ್ಜಿಯ ವಿವರಗಳನ್ನು ಬರೆದಿಟ್ಟುಕೊಳ್ಳುತ್ತೇನೆಂದು ಲೇಖನಿ ತೆಗೆದು, ಹೆಸರು ಹೇಳಲು ಅವಳಿಗೆ ಹೇಳಿದರು.

"ಗೌರಿ" ಎಂದಳು.

"ಅಲ್ಲ ಸರ್, ನಾಗವೇಣಿ ಅಂತ ಬರ್ಕೊಳ್ಳಿ" ಎಂದೆ ನಾನು ತಕ್ಷಣ. "ಅವಳಿಗೆ ಕಚೇರಿ ಅಂದ್ರೆ ಗಾಬರಿ."

ವಕೀಲರು ಅವಳನ್ನು ನೋಡಿದರು. ಅವಳು ನನ್ನನ್ನು ನೋಡಲಿಲ್ಲ.

"ಸರ್ಟಿಫಿಕೇಟಲ್ಲಿ ಗೌರಿ ಅಂತಾನೇ ಇರೋದು" ಎಂದಳು ಅವರಿಗೆ. "ಇವ್ರ ತಾಯಿ ಹೆಸರೂ ಗೌರಿ. ಅತ್ತೆ ಸೊಸೆ ಇಬ್ರಿಗೂ ಒಂದೇ ಹೆಸರು ಬ್ಯಾಡ ಅಂತ ಮದುವೆ ದಿನ ಬದಲಾಯ್ಸಿದ್ರು. ಅತ್ತೆ ಹೋಗಿ ಮೂರು ವರ್ಷ ಆತು. ಆಮೇಲೆ ನನ್ನ ಹೆಸರು ನಂಗೆ ವಾಪಸ್ ಕೊಡ್ಬಹುದಿತ್ತು. ಯಾರಿಗೂ ನೆನಪಾಗ್ಲಿಲ್ಲ."

ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ನಾಗವೇಣಿ ಎಂದು ಬರೆದವನು ನಾನೇ. ಅಕ್ಷರ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದ್ದರು. ನನಗೆ ನೆನಪಿದ್ದದ್ದು ಆ ಹೊಗಳಿಕೆ ಮಾತ್ರ. ತಾಯಿ ಹೋದ ಮೇಲೂ ದಿನಕ್ಕೆ ಹತ್ತು ಸಲ ಆ ಹೆಸರು ಕೂಗಿ ನೀರು ಕೇಳಿದ್ದೆ, ಕಾಫಿ ಕೇಳಿದ್ದೆ. ಈಗ ಮೂರನೆಯವರ ಎದುರು, ಹೆಂಡತಿಗೆ ತನ್ನ ಹೆಸರೇ ಗೊತ್ತಿಲ್ಲ ಎಂದು ತಿದ್ದಿದ್ದೆ! ಕುರ್ಚಿಯಲ್ಲಿ ಎತ್ತರವಾಗಿದ್ದವನು ಎಷ್ಟು ಕುಗ್ಗಿದೆನೆಂದರೆ, ಕಾಫಿ ತಂದ ಗುಮಾಸ್ತ ಎರಡೇ ಲೋಟ ಇಟ್ಟು ಹೋದ.

ಹೀಗೆ ನಾನು ನನ್ನ ಹೆಂಡತಿಯನ್ನು ಕ್ರೂರವಾಗಿ ತ್ಯಜಿಸಿ, ನೂರು ಗಜ ದೂರದ ನನ್ನ ಅಂಗಡಿಯ ಅಟ್ಟಕ್ಕೆ ಹೋಗಿ ನೆಲೆಸಿದೆ. ಕೆಳಗೆ ಗಡಿಯಾರಗಳು ಹೊಡೆದುಕೊಳ್ಳುತ್ತಿದ್ದವು. ಊಟ ಹೋಟೆಲಿನಲ್ಲಿ. ಕೂದಲು ಬೆಳೆಯಿತು, ಮೀಸೆಯೂ ಬಂತು, ಆದರೆ ಊರಿನ ಬಾಯಲ್ಲಿ ನನ್ನದು 'ಸ್ವಾಮಿಗಳ ಅಂಗಡಿ'ಯಾಗಿಯೇ ಉಳಿಯಿತು. ಗೌರಿ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ, ಇಂಗ್ಲಿಷು ಹೇಳಿಕೊಡುತ್ತಿದ್ದಳು. ದಾರಿಯಲ್ಲಿ ಕಂಡರೆ ತಲೆಯಾಡಿಸುತ್ತಿದ್ದಳು. ಐದು ವರ್ಷ ಒಂದೇ ಸೂರಿನಡಿ ಆಡಬೇಕಿದ್ದ ಮಾತುಗಳೆಲ್ಲ ಆ ಅಟ್ಟದಲ್ಲಿ ಒಂದೊಂದಾಗಿ ನನಗೆ ಹೊಳೆಯತೊಡಗಿದವು. ಆಡಲು ಕಾನೂನಿನ ಅಡ್ಡಿಯಿತ್ತು.

ಒಂದು ಸಂಜೆ ಏನೋ ಯೋಚಿಸುತ್ತಿದ್ದವನನ್ನು ಕಾಲುಗಳು ಅಭ್ಯಾಸಬಲದಿಂದ ಮನೆಗೇ ಕರೆದೊಯ್ದವು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಬರ್ಬೇಡಿ. ಬಂದ್ರೆ ಮತ್ತೆ ಮೊದಲಿಂದ ಆಗ್ತದೆ" ಎಂದಳು.

ಅವಳು ಒಳಗೆ ಹೋಗಿ, ಅನ್ನ ಹುಳಿ ಕಲೆಸಿ ಬಾಳೆಲೆಯಲ್ಲಿ ಕಟ್ಟಿ ತಂದು ಹೊಸ್ತಿಲಿನಿಂದಲೇ ಕೊಟ್ಟಳು. ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಪಕ್ಕದ ಮನೆಯಾಕೆ ಇದನ್ನು ನೋಡಿ, ಸ್ವಾಮಿಗಳು ಭಿಕ್ಷೆಗೆ ಬಂದಿದ್ದರು ಎಂದು ಬೀದಿಗೆಲ್ಲ ಹೇಳಿದಳು.

ಎರಡು ವರ್ಷ ಕಳೆದು ಅರ್ಜಿ ಶಿವಮೊಗ್ಗದ ಕೋರ್ಟಿಗೆ ಹೋಯಿತು. ಅದರಲ್ಲಿ ನಾನು ನಿರ್ದಯಿ, ಹೊಣೆಗೇಡಿ, ಪತ್ನಿಯ ಬಗ್ಗೆ ಲೇಶವೂ ಕಾಳಜಿಯಿಲ್ಲದವನು ಎಂದಿತ್ತು. ಕಾನೂನಿನ ಭಾಷೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು ವಕೀಲರು. ಹಚ್ಚಿಕೊಂಡೆ. ತೀರ್ಪಿನ ದಿನ ನಾನು ಬಾಯಿ ತೆರೆದರೆ ಎಲ್ಲ ಕೆಡುತ್ತದೆಂದು ಅವರು ನನ್ನನ್ನು ಒಳಗೆ ಬಿಡಲಿಲ್ಲ. ಗೌರಿ ಅಲ್ಲಿಂದಲೇ ತೀರ್ಥಹಳ್ಳಿಯ ಅಣ್ಣನ ಮನೆಗೆ, ಅಲ್ಲಿಂದ ಮಂಗಳೂರಿಗೆ ಹೊರಡುವವಳಿದ್ದಳು. ಹೀಗಾಗಿ ಒಳಗೆ ಎದುರುಪಕ್ಷದ ಕ್ರೌರ್ಯದ ವಿಚಾರಣೆ ನಡೆಯುತ್ತಿದ್ದಾಗ, ಎದುರುಪಕ್ಷವು ಹೊರಗೆ ಮರದಡಿಯಲ್ಲಿ ಅರ್ಜಿದಾರಳ ಟ್ರಂಕು ಕಾಯುತ್ತ ಕೂತಿತ್ತು.

ತೀರ್ಪು ಅವಳ ಪರವಾಗಿ ಬಂತು. ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದೆ. ತೀರ್ಥಹಳ್ಳಿಯ ಬಸ್ಸಿನ ಮೇಲೆ ಏರಿಸಿದೆ. ಅವಳು ಕಿಟಕಿಯ ಪಕ್ಕ ಕೂತಳು. ನಾನು ಎರಡು ವರ್ಷದಿಂದ ಕೂಡಿಟ್ಟ ಮಾತುಗಳಲ್ಲಿ ಯಾವುದನ್ನು ಮೊದಲು ಆಡಲಿ ಎಂದು ಆರಿಸುತ್ತಿದ್ದೆ. ಕೊನೆಗೆ, "ಹೋಗಿ ಬಾ ಗೌರಿ" ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು.

"ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದಳು. ಬಸ್ಸು ಹೊರಟಿತು.

ನಾನು ಕೈ ಎತ್ತಿ ಬೀಳ್ಕೊಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಎತ್ತಿದ ಕೈಯನ್ನು ಇಳಿಸಲಿಲ್ಲ. ಕಣ್ಣು ಮಂಜಾಗಿತ್ತು. ಅಷ್ಟರಲ್ಲಿ ದೊಡ್ಡ ಸದ್ದಿನೊಡನೆ ಬ್ರೇಕು ಹಾಕಿಕೊಂಡು ಇನ್ನೊಂದು ಬಸ್ಸು ನನ್ನ ಮುಂದೆಯೇ ನಿಂತಿತು. ಕಂಡಕ್ಟರು ಬಾಗಿಲು ತೆರೆದು, ಕೈ ತೋರಿಸಿ ಬಸ್ಸು ನಿಲ್ಸಿದ್ಮೇಲೆ ಬೇಗ ಹತ್ತಿ ಮಾರಾಯ್ರೆ ಎಂದ. ಒಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ನಿಲ್ಲಿಸಿದ್ದಲ್ಲ, ಹೆಂಡತಿಯನ್ನು ಕಳಿಸಿಕೊಡುತ್ತಿದ್ದೆ ಎಂದು ಅಷ್ಟು ಜನರಿಗೆ ಹೇಗೆ ಹೇಳುವುದು? ನಾಚಿಕೆಯಾಗಿ ಸುಮ್ಮನೆ ಹತ್ತಿದೆ. ಟಿಕೇಟು ತೆಗೆದುಕೊಂಡೆ. ಕಿಟಕಿಯ ಪಕ್ಕ ಕೂತು ಕಣ್ಣೊರೆಸಿಕೊಂಡೆ.

ಅದು ಭದ್ರಾವತಿಯ ಬಸ್ಸು. ಸಾಗರ ಇರುವುದು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ.